ಐದು ದಿನದ ಅಧ್ಯಕ್ಷರು

ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷ ಆನಂದಕುಮಾರ ಫ್ಲಾಟು ಮಾರಿ ಪುಣೆಗೆ ಹೋದ ವಾರವೇ ಲಿಫ್ಟೂ ನಿಂತಿತು. ಕಂಪನಿಗೆ ಫೋನು ಮಾಡಿದರೆ, ಅಧ್ಯಕ್ಷರು ಹೇಳಿದರೆ ಮಾತ್ರ ಬರುತ್ತೇವೆ ಎಂದರು. ಅಧ್ಯಕ್ಷರೇ ಇರಲಿಲ್ಲ. ತೆಲುಗು ನಾಡಿನ ಮಣಿಕೊಂಡದ ಈ ಕಟ್ಟಡ ಕಟ್ಟಿಸಿದವರು ರಾಯಚೂರಿನವರು, ಹಾಗಾಗಿ ಇಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ. ಮಾತಿಗೆ ಬರವಿಲ್ಲ, ಕೆಲಸಕ್ಕೆ ಮಾತ್ರ ಜನವಿಲ್ಲ.

ನಾಲ್ಕನೇ ಮಹಡಿಯಲ್ಲಿ ನಮ್ಮ ಅತ್ತೆ ಸಾವಿತ್ರಿಬಾಯಿ ಸಿಕ್ಕಿಬಿದ್ದರು. ಮೆಟ್ಟಿಲು ಕಂಡರೆ ಅವರ ಮೊಣಕಾಲುಗಳು ಮುಷ್ಕರ ಹೂಡುತ್ತವೆ. ಅತ್ತ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ ಅವರ ತಂಗಿ ಶಾರದಾಬಾಯಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ದಿನಾ ಬೆಳಿಗ್ಗೆ ಫೋನು.

"ಅಕ್ಕಾ, ಯಾವಾಗ ಬರತಿ?"

"ಲಿಫ್ಟ್ ಕೆಟ್ಟೈತವ್ವಾ. ರಿಪೇರಿ ಆದಕೂಡ್ಲೆ ಬರತೀನಿ."

ಕುರ್ಚಿಯಲ್ಲಿ ಕೂಡಿಸಿ ಇಳಿಸೋಣ ಎಂದೆ. "ಜೀವ ಇರೂತನ ನಾಕು ಮಂದಿ ನನ್ನ ಹೊರಬಾರದು, ಗುರುದೇವಿ" ಎಂದರು. ಅವರ ಹಟ ನನಗೆ ಗೊತ್ತು.

ಕೆಳಗೆ ಪಾರ್ಕಿಂಗ್‌ನಲ್ಲಿ ಸಭೆ ಸೇರಿತು. ಯಾರಾದರೂ ಒಂದು ವರ್ಷ ಅಧ್ಯಕ್ಷರಾಗಿ ಎಂದರೆ ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್, ಮತ್ತೊಬ್ಬರಿಗೆ ಮಗಳ ಪರೀಕ್ಷೆ. ಆಗ ಎದ್ದು ನಿಂತವರು ಮೊದಲನೇ ಮಹಡಿಯ ಅಮರೇಶಪ್ಪನವರು. ಇತಿಹಾಸದ ನಿವೃತ್ತ ಲೆಕ್ಚರರ್. ನಿವೃತ್ತಿಯಾದದ್ದು ನೌಕರಿಯಿಂದ ಮಾತ್ರ, ಲೆಕ್ಚರಿನಿಂದಲ್ಲ.

"ಇದಕ್ಕ ಇಂಟರ್‌ರೆಗ್ನಮ್ ಅಂತಾರ್ರಿ. ಲ್ಯಾಟಿನ್ ಶಬ್ದ. ಇಂಟರ್ ಅಂದ್ರ ನಡುವ, ರೆಗ್ನಮ್ ಅಂದ್ರ ಆಳಿಕಿ. ಒಬ್ಬ ರಾಜ ಹ್ವಾದ, ಇನ್ನೊಬ್ಬ ಬಂದಿಲ್ಲ, ನಡುವ ಖಾಲಿ ಜಾಗ. ಹಿಂದಕ ರೋಮಿನಾಗ ರಾಜ ಸತ್ತ ಅಂದ್ರ ಹಿರೇರು ಪಾಳಿ ಹಚ್ಚಿ ಐದೈದು ದಿನ ಆಳತಿದ್ರು. ಮುಂದಿನ ರಾಜನ್ನ ಆರಿಸೂದು, ಅದೇ ಅವರ ಕೆಲಸ."

ಕೊನೆಯ ಮಾತು ಯಾರಿಗೂ ಬೇಕಾಗಿರಲಿಲ್ಲ. ಐದು ದಿನ ಎಂದೊಡನೆ ಬಿಪಿ ಇಳಿಯಿತು, ಶುಗರ್ ಕರಗಿತು, ಮಗಳ ಪರೀಕ್ಷೆಯೂ ಮುಗಿಯಿತು. ಎಲ್ಲರೂ ಪಾಳಿಗೆ ನಿಂತರು.

ಮೊದಲ ಪಾಳಿ ಅಮರೇಶಪ್ಪನವರದೇ. ಹಾರ ಹಾಕಿಸಿಕೊಂಡು ರೋಮಿನ ಮೇಲೆ ಭಾಷಣ ಮಾಡಿದರು. ಚುನಾವಣೆ ಯಾವಾಗ ಎಂದು ಕೇಳಿದೆ. "ಮೊದಲ ಪಾಳಿಯಾಂವ ಚುನಾವಣಿ ನಡಸಬಾರದು, ಅಲ್ಲಿ ಪದ್ಧತಿ ಹಂಗಿತ್ತವ್ವಾ" ಎಂದರು. ಎರಡನೆಯವರು ಬಟ್ಟೆ ವ್ಯಾಪಾರಿ ಹಂಪಯ್ಯ. ಗೇಟಿನ ಬಳಿ ಕುರ್ಚಿ ಹಾಕಿಸಿ, ಅದಕ್ಕೆ ಟವೆಲ್ ಹೊದಿಸಿ ಕುಳಿತು, ವಾಚ್‌ಮನ್ ತಾಯಪ್ಪನಿಂದ ಹೊತ್ತುಹೊತ್ತಿಗೆ ಸೆಲ್ಯೂಟ್ ಹೊಡೆಸಿಕೊಂಡರು. ಮೂರನೇ ಪಾಳಿಯ ರಾಹುಲ, ಮಾದಾಪುರದ ಸಾಫ್ಟ್‌ವೇರ್ ನೌಕರ, ಇನ್ನೂ ಮುಂದುವರಿದವನು. ವಾಟ್ಸ್ಯಾಪ್ ಗುಂಪಿಗೆ ತನ್ನ ಫೋಟೋ ಹಾಕಿ, ಲಿಫ್ಟಿನ ಬಾಗಿಲ ಪಕ್ಕ ಅಧ್ಯಕ್ಷರ ಹೆಸರುಗಳ ಕಪ್ಪು ಗ್ರಾನೈಟ್ ಫಲಕ ನಿಲ್ಲಿಸಿದ. ಫಲಕ ಬಂತು, ಲಿಫ್ಟ್ ಬರಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ರಾಗ: "ಅದು ಖಾಯಂ ಅಧ್ಯಕ್ಷರ ಕೆಲಸ್ರಿ."

ಅತ್ತೆ ಮುಂಜಾನೆ ಎದ್ದವರೇ ಕೇಳುತ್ತಿದ್ದರು, "ಇವತ್ತ ಯಾರ ರಾಜ್ಯ?" ನಾವು ನಗುತ್ತಿದ್ದೆವು. ಅತ್ತ ಶಾರದಾಬಾಯಿ ಫೋನಿನಲ್ಲಿ ಈಗಷ್ಟೇ ಕೇಳಿದ್ದನ್ನು ಮರೆತು ಮತ್ತೆ ಕೇಳತೊಡಗಿದ್ದರು. ಒಂದು ದಿನ ಫೋನಿಟ್ಟ ಅತ್ತೆ ಯಾರಿಗೂ ಹೇಳದೆ ಮೆಟ್ಟಿಲಿಗೆ ಇಳಿದರು. ಒಂದು ಮಹಡಿ ಇಳಿಯುವಷ್ಟರಲ್ಲಿ ಕಾಲು ಸೋತು ಗೋಡೆಗೆ ಒರಗಿ ಕುಳಿತುಬಿಟ್ಟರು. ನಾನು ಓಡಿ ಹೋದಾಗ ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಫ್ಲಾಟು ಅತ್ತೆಯ ಹೆಸರಿನಲ್ಲಿದೆ, ಮುಂದಿನ ಪಾಳಿ ಅವರದೇ ಎಂದು ಗುಂಪಿಗೆ ಬರೆದು ಹಾಕಿದೆ.

ಹಾರ ಹಾಕಿಸಿಕೊಳ್ಳಲು ಕೆಳಗೆ ಬರಬೇಕಲ್ಲ ಎಂದು ರಾಹುಲ ತಕರಾರು ತೆಗೆದ. ಹಾಗೆಂದು ರೋಮಿನಲ್ಲಿ ಪದ್ಧತಿಯಿತ್ತೇ ಎಂದು ಅಮರೇಶಪ್ಪನವರನ್ನು ಕೇಳಿದೆ. ಪಾಪ, ಇತಿಹಾಸದ ವಿಷಯದಲ್ಲಿ ಅವರು ಸುಳ್ಳು ಹೇಳುವವರಲ್ಲ. ಹಾರ ಮೇಲೆ ಬಂತು, ಹಿಂದೆಯೇ ಅಧ್ಯಕ್ಷರುಗಳ ದಂಡು, ಏದುಸಿರು ಬಿಡುತ್ತ.

"ಸರ್, ಐದು ದಿನದ ರಾಜಂದು ಕೆಲಸ ಏನಂದಿದ್ರಿ?" ಅತ್ತೆ ಹಾರ ಸರಿಮಾಡಿಕೊಳ್ಳುತ್ತ ಕೇಳಿದರು.

"ಮುಂದಿನ ರಾಜನ್ನ ಆರಿಸೂದು" ಎಂದರು ಅಮರೇಶಪ್ಪ, ಮೆಲ್ಲಗೆ.

"ಹಂಗಾದ್ರ ಆರಿಸ್ರಿ. ಆರಿಸೂತನ ಸಭಾ ಇಲ್ಲೇ, ನಮ್ಮ ಮನಿಯಾಗ. ಮುಂಜಾನಿ ಒಂದು, ಸಂಜಿಗೆ ಒಂದು. ಚಾ ನಾ ಕೊಡತೀನಿ."

ರಾಜ್ಯಭಾರದ ಸುಖವೆಲ್ಲ ಮೆಟ್ಟಿಲ ಮೇಲೆ ಇಳಿದುಹೋಯಿತು. ಎರಡನೇ ಸಂಜೆಗೆ ಹಂಪಯ್ಯನವರು ಮೊಣಕಾಲು ಹಿಡಿದುಕೊಂಡು, ನಾನೇ ವರ್ಷಪೂರ್ತಿ ಅಧ್ಯಕ್ಷನಾಗುತ್ತೇನೆ, ದಯವಿಟ್ಟು ಬಿಟ್ಟುಬಿಡಿ ಎಂದು ಒಪ್ಪಿಕೊಂಡರು. ಅಲ್ಲೇ ಕುಳಿತು ಕಂಪನಿಗೆ ಫೋನು ಮಾಡಿದರು. ಮರುದಿನ ಒಬ್ಬ ಹುಡುಗ ಬಂದು, ಇಲಿ ಕಡಿದಿದ್ದ ಒಂದು ವೈರು ಜೋಡಿಸಿ, ನಾನು ಕೊಟ್ಟ ಚಹಾ ಆರುವ ಮೊದಲೇ ಹೋದ.

ಅತ್ತೆ ಹೊಸ ಇಳಕಲ್ ಸೀರೆ ಉಟ್ಟು ಲಿಫ್ಟಿನಲ್ಲಿ ಇಳಿದರು. ಗ್ರಾನೈಟ್ ಫಲಕದ ಕಡೆ ತಿರುಗಿಯೂ ನೋಡಲಿಲ್ಲ. ದಾರಿಯುದ್ದಕ್ಕೂ ಕ್ಯಾಬ್ ಡ್ರೈವರಿಗೆ ಬೇಗ ಹೋಗಪ್ಪಾ ಎನ್ನುತ್ತಲೇ ಇದ್ದರು.

ಉಪ್ಪಲ್‌ನಲ್ಲಿ ಶಾರದಾಬಾಯಿ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. ಅತ್ತೆ ಪಕ್ಕದಲ್ಲಿ ಕುಳಿತು ಕೈ ಹಿಡಿದರು. ಶಾರದಾಬಾಯಿ ಬಹಳ ಹೊತ್ತು ನೋಡಿದರು.

"ನೀವ್ಯಾರ್ರಿ?" ಎಂದರು. ಆಮೇಲೆ ಮರ್ಯಾದೆಯಿಂದ ತುಸು ಸರಿದು ಜಾಗ ಮಾಡಿಕೊಟ್ಟರು. "ಕೂಡ್ರಿ. ನಮ್ಮಕ್ಕ ಬರಾಕಿದ್ದಾಳ. ಅವರ ಮನಿ ಲಿಫ್ಟ್ ಕೆಟ್ಟೈತಂತ. ರಿಪೇರಿ ಆದಕೂಡ್ಲೆ ಬರತಾಳ."

ಅತ್ತೆ ನನ್ನ ಕಡೆ ನೋಡಲಿಲ್ಲ. ತಂಗಿಯ ಕೈಯನ್ನೂ ಬಿಡಲಿಲ್ಲ.

"ಬರಲಿ ಬಿಡವ್ವಾ" ಎಂದರು. "ನಾನೂ ಕಾಯತೀನಿ."