ನಡುಗಡ್ಡೆಗೆ ಒಂದು ಸುತ್ತು

ಕಿತ್ತಳೆ ಬಣ್ಣದ ಜಾಕೆಟ್ಟಿಗೆ ಇನ್ಯಾರದೋ ಬೆವರಿನ ವಾಸನೆ, ಇನ್ನೂ ಹಸಿಹಸಿ, ನನಗಿಂತ ಮೊದಲು ತೊಟ್ಟವರು ಒಂದು ಸುತ್ತು ಹಾಕಿ ಇಳಿದು ಹೋಗಿದ್ದಾರೆ, ಈಗ ಅದರ ಪಟ್ಟಿಯನ್ನು ಸೊಸೆ ರಮ್ಯಶ್ರೀ ನನ್ನ ಎದೆಯ ಮೇಲೆ ಎಳೆದು ಬಿಗಿಯುತ್ತಿದ್ದಾಳೆ, ಅತ್ತೆ ಉಸಿರು ಬಿಡಿ, ಸ್ವಲ್ಪ ಲೂಸ್ ಮಾಡ್ಲಾ, ಬೇಡ ಕಣಮ್ಮ ಇರ್ಲಿ ಅಂದೆ — ಬಿಗಿಯಾಗಿದ್ದರೇ ಒಳ್ಳೆಯದು. ಭಾನುವಾರ ಸಂಜೆ, ಕೆರೆ ಏರಿಯ ಮೇಲೆ ಜನವೋ ಜನ, ಜೋಳ ಸುಡುವವನ ಹೊಗೆ, ಲಗ್ಗೆರೆಯಿಂದ ಒಂದೇ ಸ್ಕೂಟರಿನಲ್ಲಿ ನಾಲ್ಕು ಜನ ಬಂದವರು, ರಾಜಾಜಿನಗರದಿಂದ ಕಾರಿನಲ್ಲಿ ಬಂದವರು, ಎಲ್ಲರೂ ನಮ್ಮೂರ ಕೆರೆಯ ದ್ವೀಪಕ್ಕೆ ಒಂದು ಸುತ್ತು ಹಾಕಲು ಸಾಲು ನಿಂತಿದ್ದಾರೆ. ಈ ಕೆರೆಯಲ್ಲಿ ನಾನು ಎಮ್ಮೆಯ ಮೈ ತೊಳೆದಿದ್ದೇನೆ, ಕಂಬಳಿ ಒಗೆದಿದ್ದೇನೆ, ಆಗ ನಡುವೆ ದ್ವೀಪ ಇರಲಿಲ್ಲ. ಮೊಮ್ಮಗಳು ಬಿಂದು ಆಗಲೇ ದೋಣಿಯ ಮುಂದಿನ ಹಲಗೆಯ ಮೇಲೆ ಕೂತಿದ್ದಾಳೆ, ಅಜ್ಜಿ ಬಾ ಬೇಗ, ತಾತ ನೀನೂ ಬಾ. ತಾತ ಬರುವುದಿಲ್ಲ. ನಮ್ಮ ಮನೆಯವರು, ಮುನಿರಾಜು, ಕಲ್ಲುಬೆಂಚಿನ ಮೇಲೆ ಕೆರೆಗೆ ಬೆನ್ನು ಕೊಟ್ಟು, ರಸ್ತೆಗೆ ಮುಖ ಮಾಡಿ ಕೂತಿದ್ದಾರೆ, ನೀವ್ ಹೋಗ್ಬನ್ನಿ, ನಾನ್ ಚಪ್ಪಲಿ ನೋಡ್ಕೊಂತೀನಿ, ಇಷ್ಟೇ ಅಂದದ್ದು. ಚಪ್ಪಲಿಯನ್ನು ಯಾರು ಕದಿಯುತ್ತಾರೆ ಮಾವ ಅಂತ ಸೊಸೆ ನಕ್ಕಳು. ಅವಳಿಗೆ ಗೊತ್ತಿಲ್ಲ. ನನ್ನ ಮಗ ಭೈರೇಶನಿಗೂ ಗೊತ್ತಿಲ್ಲ, ತಾನೇ ಚೊಚ್ಚಲು ಅಂದುಕೊಂಡಿದ್ದಾನೆ.

ದೋಣಿ ಅಲುಗಾಡಿತು, ನಾನು ಹಲಗೆಯನ್ನು ಹಿಡಿದುಕೊಂಡೆ, ಭಯನಾ ಅತ್ತೆ, ಕಾವೇರೀಲಿ ಅಷ್ಟುದ್ದ ತೂಗುಸೇತುವೆ ದಾಟಿದ್ರಲ್ಲ ನೀವು, ಹೌದು ದಾಟಿದ್ದೆ, ಹೋದ ಬೇಸಿಗೆಯಲ್ಲಿ ಭೈರೇಶ ಎಲ್ಲರನ್ನೂ ಕರೆದುಕೊಂಡು ಹೋಗಿದ್ದ, ನದಿಯ ನಡುವಿನ ಗಡ್ಡೆ, ಬಿದಿರುಮೆಳೆ, ಜಿಂಕೆಗಳು, ಅಲ್ಲಿ ನಾನು ಚುರುಮುರಿ ತಿಂದೆ, ಮಗುವಿನ ಹಾಗೆ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದೆ, ಅಲ್ಲಿ ಭಯ ಯಾಕೆ, ಅದು ಬೇರೆ ಯಾರದೋ ಮಣ್ಣು. ಈ ಗಡ್ಡೆ ಹಾಗಲ್ಲ. ಕೆರೆಯ ಹೂಳು ತೆಗೆದು ನಡುವೆ ರಾಶಿ ಹಾಕಿದರು, ಒಂದಿಡೀ ಬೇಸಿಗೆ ಜೆಸಿಬಿ ಗರಗರ ಅನ್ನುತ್ತಿತ್ತು, ಪಡುವಲ ದಂಡೆಯ ಇಳಿಜಾರನ್ನು ಹೊಂಗೆಮರದ ಸಮೇತ ಕೆರೆದು ತೆಗೆದು ಟಿಪ್ಪರಿನಲ್ಲಿ ತುಂಬಿ ನಡುವಿಗೆ ಸುರಿದದ್ದನ್ನು ನಾನು ನಮ್ಮ ತಾರಸಿಯಿಂದ ನೋಡಿದೆ, ಒಣಗಲು ಹರಡಿದ್ದ ಮೆಣಸಿನಕಾಯಿಯ ಮುಂದೆ ನಿಂತು ನೋಡಿದೆ, ಕೆಳಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ. ಯಾರಿಗೆ ಹೇಳುವುದು. ಆ ಹೊಂಗೆಮರದ ಬುಡದಲ್ಲಿ ನನ್ನ ಕೂಸು ಇತ್ತು.

ಮೂರು ತಿಂಗಳ ಹೆಣ್ಣುಕೂಸು, ಹೆಸರಿಟ್ಟಿರಲಿಲ್ಲ, ರಾಗಿ ಕೊಯ್ಲು ಮುಗೀಲಿ, ಎಲ್ಲಾರ್ನೂ ಕರೆದು ಹೆಸರಿಡಾನ ಅಂದಿದ್ದರು ಮಾವ ಬೈರಯ್ಯನವರು, ಅಷ್ಟರಲ್ಲಿ ಜ್ವರ, ಎರಡು ದಿನ ಹಾಲು ಹಿಡಿಯಲಿಲ್ಲ, ಮೂರನೆಯ ದಿನ ಆಸ್ಪತ್ರೆಗೆಂದು ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುವಾಗ ನನ್ನ ಸೆರಗಿನೊಳಗೇ ತಣ್ಣಗಾಯಿತು, ಬಸ್ಸು ಬಂತು, ಕಂಡಕ್ಟರು ಹತ್ತಮ್ಮಾ ಹತ್ತು ಅಂದ, ನಾನು ಹತ್ತಲಿಲ್ಲ. ಹೆಂಗಸರು ಬರಬಾರದು ಅಂದರು. ಮಾವ ಹಾರೆ ಹಿಡಿದು ಮುಂದೆ, ಇವರು ಟವಲಿನಲ್ಲಿ ಸುತ್ತಿಕೊಂಡು ಹಿಂದೆ, ಬಾಗಿಲಲ್ಲಿ ನನ್ನನ್ನು ಅತ್ತೆ ತಬ್ಬಿ ಹಿಡಿದುಕೊಂಡಿದ್ದರು, ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಎಲ್ಲಿ ಮಡಗಿದ್ರಿ ಅಂತ ಕೇಳಿದೆ, ಹೊಂಗೆಮರದ ತಾವ ಅಂದರು ಮಾವ, ಅಷ್ಟೇ. ಇವರನ್ನು ಕೇಳಿದರೆ ಬ್ಯಾಡ ಬುಡು ಅನ್ನುತ್ತಿದ್ದರು, ವರ್ಷ ಕಳೆದು ಕೇಳಿದೆ, ಬ್ಯಾಡ ಬುಡು, ಭೈರೇಶ ಹುಟ್ಟಿದಾಗ ಕೇಳಿದೆ, ಬ್ಯಾಡ ಬುಡು, ಆಮೇಲೆ ನಾನೂ ಬಿಟ್ಟೆ, ಬಟ್ಟೆಯ ಮೂಟೆ ಹೊತ್ತು ಆ ಮರದ ಕೆಳಗೆ ಹಾದು ಹೋಗುವಾಗ ಮಾತ್ರ ಹೆಜ್ಜೆಯನ್ನು ನಿಧಾನ ಇಡುತ್ತಿದ್ದೆ — ಎಲ್ಲಿ ತುಳಿದುಬಿಡುತ್ತೇನೋ ಅಂತ.

ಬಿಂದು ಕೇಳುತ್ತಿದ್ದಾಳೆ, ಅಂಕಲ್ ಈ ಐಲ್ಯಾಂಡ್ ಹೆಸರೇನು, ಹುಟ್ಟುಹಾಕುವವನು ನಗುತ್ತಾನೆ, ನಲವತ್ತು ದಾಟಿದ ಮನುಷ್ಯ, ಹೆಸರೇನೂ ಇಲ್ಲ ಪಾಪು, ಸುಮ್ನೆ ಗಡ್ಡೆ ಅಂತೀವಿ. ನೀರು ಹಸಿರು ಬಣ್ಣಕ್ಕಿದೆ, ಹತ್ತಿರ ಬಂದಂತೆ ಹಕ್ಕಿಗಳ ಹಿಕ್ಕೆಯ ವಾಸನೆ, ಒಣಗಿದ ಜಾಲಿಯ ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಆರಿಸಿಕೊಳ್ಳುತ್ತಿವೆ, ಬುಡದಲ್ಲಿ ಜೊಂಡು, ಜೊಂಡಿನ ಸಂದಿಯಲ್ಲಿ ಕಪ್ಪು ಮಣ್ಣು, ಇಷ್ಟು ಹತ್ತಿರ, ಇಷ್ಟು ಹತ್ತಿರ ನಾನು ಯಾವತ್ತೂ ಬಂದಿರಲಿಲ್ಲ. ನನ್ನ ಬಾಯಿಂದ ಮಾತು ತಾನಾಗಿ ಬಂತು, ಅಣ್ಣಾ ಒಂದ್ನಿಮಿಷ ಇಳ್ಕೊಂತೀನಿ. ಇಳಿಯಂಗಿಲ್ಲಮ್ಮ, ಹಕ್ಕಿಗಳು ಮೊಟ್ಟೆ ಇಟ್ಟವೆ, ಸಾಹೇಬ್ರು ಬೈತಾರೆ. ಅತ್ತೆ ಏನ್ ಹೇಳ್ತಿದೀರ, ಕೂತ್ಕೊಳ್ಳಿ, ಬೋಟ್ ಮಗುಚುತ್ತೆ. ಕೂತೆ. ಇಳಿಯೋದು ಬೇಡ ಅಂದ್ರೆ ಬೇಡ, ಒಂಚೂರು ಹತ್ರ ಬಿಡಣ್ಣ, ಕೈಗೆ ಸಿಗೋಹಂಗೆ. ಅವನು ನನ್ನ ಮುಖ ನೋಡಿದ, ಹುಟ್ಟು ಹಾಕುವುದನ್ನು ನಿಲ್ಲಿಸಿದ, ಹರಕೆ ಏನಾರ ಇತ್ತಾ ಅಮ್ಮ ಅಂದ, ಹುಟ್ಟನ್ನು ತಳಕ್ಕೆ ಊರಿ ದೋಣಿಯ ಪಕ್ಕೆಯನ್ನು ಜೊಂಡಿಗೆ ತಾಗಿಸಿದ. ಕೈ ಚಾಚಿದೆ. ಮಣ್ಣು ಬೆಚ್ಚಗಿತ್ತು. ನೀರಲ್ಲಿ ನೆನೆದ ಮಣ್ಣು ತಣ್ಣಗಿರಬೇಕು ಅಂದುಕೊಂಡಿದ್ದೆ, ಇಡೀ ದಿನದ ಬಿಸಿಲು ಕುಡಿದು ಬೆಚ್ಚಗಿತ್ತು, ಬೆರಳುಗಳು ಒಳಗೆ ಹೋದವು, ಒಂದು ಹಿಡಿ ಬಂತು, ಅಜ್ಜಿ ಇಲ್ಲಿ ನೋಡು ಫೋಟೋ ಅಂದಳು ಬಿಂದು, ನೋಡಿದೆ, ನಕ್ಕೆನೋ ಏನೋ ಗೊತ್ತಿಲ್ಲ, ಮುಷ್ಟಿಯನ್ನು ಮಾತ್ರ ಬಿಚ್ಚಲಿಲ್ಲ. ಮಣ್ಣು ಮಾಡಿ ಬರುವಾಗ ಹಿಂದಕ್ಕೆ ತಿರುಗಿ ನೋಡಬಾರದು ಅನ್ನುತ್ತಾರಲ್ಲ, ನಾನು ನೋಡಿದೆ, ನಮ್ಮ ಹಿಂದಿನ ದೋಣಿಯವರು ಗಡ್ಡೆಗೆ ಕೈ ಬೀಸಿ ಟಾಟಾ ಮಾಡುತ್ತಿದ್ದರು.

ದಡದಲ್ಲಿ ಸೊಸೆ ಬಿಂದುವನ್ನು ಕರೆದುಕೊಂಡು ಜೋಳದವನ ಹತ್ತಿರ ಹೋದಳು, ನಾನು ಇವರ ಪಕ್ಕ ಬೆಂಚಿನ ಮೇಲೆ ಕೂತೆ, ಅವರು ರಸ್ತೆಗೆ, ನಾನು ಕೆರೆಗೆ. ಏನದು ಕೈಯಾಗೆ ಅಂದರು. ಬಿಚ್ಚಿ ತೋರಿಸಿದೆ. ಬ್ಯಾಡ ಬುಡು ಅನ್ನುತ್ತಾರೆ ಅಂತ ಕಾದೆ, ಅನ್ನಲಿಲ್ಲ. ಜೆಸಿಬಿ ಪಡುವಲ ದಂಡೆಗೆ ಬಂದಾಗ ನಾನ್ ದಿನಾ ಬತ್ತಿದ್ದೆ ಕಣೇ ಅಂದರು. ನನಗೆ ಗೊತ್ತಿರಲಿಲ್ಲ, ಆಗ ಪೀಣ್ಯದಲ್ಲಿ ವಾಚ್‌ಮನ್ ಕೆಲಸಕ್ಕೆ ಹೋಗುತ್ತಿದ್ದಾರೆ ಅಂದುಕೊಂಡಿದ್ದೆ, ಎಂಟು ದಿನ ರಜ ಹಾಕಿದ್ದರಂತೆ, ನಾನು ಕಟ್ಟಿಕೊಟ್ಟ ಬುತ್ತಿಯನ್ನು ಇಲ್ಲೇ ಕೂತು ತಿನ್ನುತ್ತಿದ್ದರಂತೆ. ಆ ಮರದ ತಾವ ಬಂದಾಗ ಡ್ರೈವರ್‌ಗೆ ಕೈ ಮುಗುದೆ, ಊಟಕ್ಕೆ ಹೋಗಿ ಬರೋಗಂಟ ಟೈಮ್ ಕೊಟ್ಟ, ಕೈಯಾಗೇ ಕೆದಕಿದೆ, ಜಾಗ ನಂಗೆ ಮರೆತಿರ್ಲಿಲ್ಲ, ಬೇರೇನೂ ಸಿಗ್ಲಿಲ್ಲ, ಒಂದು ಬಳೆ ಸಿಕ್ತು. ಕರೀದು. ಕರಿಬಳೆ, ದೃಷ್ಟಿಯಾಗದಿರಲಿ ಅಂತ ನಾನೇ ಹಾಕಿದ್ದು, ಕೈಗೊಂದು, ಬಳೆಗಾರ ಇದಕ್ಕಿಂತ ಸಣ್ಣದಿಲ್ಲ ಅಂದಿದ್ದ, ಜಾರಿ ಬೀಳುತ್ತದೆ ಅಂತ ದಾರ ಸುತ್ತಿದ್ದೆ. ದಾರ ಇತ್ತಾ ಅಂತ ಕೇಳಿದೆ. ಇರ್ಲಿಲ್ಲ, ಬಳೆ ಒಂದೇ. ಮನೆಗೆ ಯಾಕೆ ತರಲಿಲ್ಲ ಅಂದೆ. ತಂದು ನಿನ್ ಕೈಗೆ ಹೆಂಗ್ ಕೊಡ್ಲಿ ಹನುಮಿ, ಆ ಮಣ್ಣಿನ ಜೊತೆಗೇ ಟಿಪ್ಪರ್‌ಗೆ ಹಾಕಿದೆ, ಒಟ್ಟಿಗಿರ್ಲಿ ಅಂತ. ಜೋಳ ತಗೊಂತೀರಾ ಮಾವ, ಖಾರ ಹಾಕಿಸ್ಲಾ ಅಂತ ಸೊಸೆ ಕೂಗುತ್ತಿದ್ದಾಳೆ, ಇವರು ಮೊದಲ ಸಲ ಬೆಂಚಿನ ಮೇಲೆ ತಿರುಗಿ ಕೂತರು, ಕೆರೆಗೆ ಮುಖ ಮಾಡಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಬಳೆಯ ಅಳತೆ ತೋರಿಸಿದರು, ಇಷ್ಟೇ ಇತ್ತು ಅಂದರು, ಜನ ಹಾದು ಹೋಗುತ್ತಿದ್ದಾರೆ, ದೋಣಿ ಮತ್ತೆ ತುಂಬಿತು, ಬೆರಳುಗಳನ್ನು ಅವರು ಬಿಡಿಸುತ್ತಿಲ್ಲ, ಉಗುರು ಉಗುರಿಗೆ ತಾಗಿಸಿ ಹಾಗೇ ಹಿಡಿದಿದ್ದಾರೆ, ಇಷ್ಟೇ, ಆ ಎರಡು ಬೆರಳ ನಡುವಿನ ಗುಂಡನೆಯ ಜಾಗ, ಇಷ್ಟೇ ಇತ್ತು ಕಣೇ, ಇಷ್ಟೇ —