ಸೋಮವಾರದ ಗಾಡಿಜಾಡು

ಭಾದ್ರಪದದ ಬಿಸಿಲಿಗೆ ಅಜ್ಜಂಪುರದ ಸುತ್ತ ಈರುಳ್ಳಿ ಕೀಳುವ ಕೆಲಸ ಭರದಿಂದ ಸಾಗಿತ್ತು. ತೀರ್ಥಪ್ಪನ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು, ಒಣಗಿದ ಸೊಪ್ಪು ಕೊಯ್ದು ಗುಡ್ಡೆ ಹಾಕುತ್ತಿದ್ದರು. ತೀರ್ಥಪ್ಪನ ಮಗಳು ಪ್ರೇಮಳನ್ನು ತನ್ನ ಮಗನಿಗೆ ಕೇಳಲು ಚೌಳಹಿರಿಯೂರಿನಿಂದ ಬಂದಿದ್ದ ಬಸವರಾಜಪ್ಪ, ಸುಮ್ಮನೆ ಕೂರಲಾರದೆ ತಾನೂ ಒಂದು ಕುಡುಗೋಲು ಹಿಡಿದಿದ್ದ.

"ಬ್ಯಾಸ್ರ ಮಾಡ್ಕಬ್ಯಾಡಿ ತೀರ್ಥಪ್ಪನೋರೇ. ಆ ಜವಳಿಯೋರ ಕೊಲೆ ಕೇಸು ಏನದು?"

ಸಾಲಿನ ಕುಡುಗೋಲುಗಳೆಲ್ಲ ನಿಂತವು.

ಮೂವತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ, ಕೆರೆ ಏರಿಯ ಕೆಳಗೆ ಇಬ್ಬರು ಜವಳಿ ವ್ಯಾಪಾರಿಗಳ ಕೊಲೆಯಾಗಿತ್ತು. ಪೊಲೀಸರು ತೀರ್ಥಪ್ಪನನ್ನು ಎಂಟು ದಿನ ಇಟ್ಟುಕೊಂಡು ಬಿಟ್ಟಿದ್ದರು. ಕೊಂದವರು ಇವತ್ತಿಗೂ ಸಿಕ್ಕಿಲ್ಲ. ಪ್ರೇಮಳಿಗೆ ಬಂದ ಎರಡು ಸಂಬಂಧ ಇದೇ ಮಾತಿಗೆ ಮುರಿದಿದ್ದವು.

ಬಸವರಾಜಪ್ಪ ದಪ್ಪದೊಂದು ಈರುಳ್ಳಿಯನ್ನು ಮುಂದಿಟ್ಟ. "ಏರಿ ಮೇಲೆ ನಿಮ್ಮ ಗಾಡಿಜಾಡು ಸಿಕ್ತಂತೆ." ಇನ್ನೊಂದಿಟ್ಟ. "ಕೊಲೆ ಆದ ರಾತ್ರಿ ನೀವು ಮನೇಲಿರ್ಲಿಲ್ವಂತೆ." ಮೂರನೆಯದನ್ನೂ ಇಟ್ಟ. "ಬೆಳಗಾಗೋ ಹೊತ್ಗೆ ಬಾವಿ ಹತ್ರ ಗಾಡಿ ತೊಳೀತಿದ್ರಂತೆ. ಮಳೆಗಾಲದಲ್ಲಿ ಯಾರು ಗಾಡಿ ತೊಳೀತಾರೆ?"

"ಮೂರೂ ನಿಜ. ಕೊಂದಿದ್ದು ನಾನಲ್ಲ," ಎಂದ ತೀರ್ಥಪ್ಪ.

ಬಸವರಾಜಪ್ಪ ಈರುಳ್ಳಿಗಳನ್ನು ದಿಟ್ಟಿಸಿದ. "ಒಂದು ಮಾತ್ರ ತೂಕಕ್ಕೆ ಬರಾಕಿಲ್ಲ. ಅವತ್ತು ಸೋಮವಾರ. ಸೋಮವಾರ ಎತ್ತಿಗೆ ಬಿಡುವಿನ ದಿನ, ನಮ್ಮೋರು ಅವುಗಳ ಹೆಗಲಿಗೆ ನೊಗ ಇಡಾಕಿಲ್ಲ. ಹೂಡದೇ ಇದ್ರೆ ಜಾಡೆಲ್ಲಿಂದ ಬಂತು?"

"ಕೊಲೆ ಬೇಕಾದ್ರೆ ಮಾಡಿರ್ತಾರೆ," ಅಂದಳು ಕೂಲಿಗೆ ಬಂದಿದ್ದ ಲಿಂಗಮ್ಮ. "ಸೋಮವಾರ ಎತ್ತು ಹೂಡಿರಾಕಿಲ್ಲ ನಮ್ಮ ಯಜಮಾನ್ರು!"

ತೀರ್ಥಪ್ಪ ತಲೆ ಕೆಳಗೆ ಹಾಕಿದ. ಅವನ ಹೆಂಡತಿ ಮಲ್ಲಿಕಾಂಬ ಸೆರಗು ಬಾಯಿಗಿಟ್ಟು ತಡೆದರೂ ನಗು ಹೊರಬಿತ್ತು.

"ಹೂಡಿದ್ರು ಕಣ್ರೀ! ಮದ್ವೆಯಾದ ಹೊಸ್ತು, ನಾನು ಅಮೃತಾಪುರದಲ್ಲಿ ತವರಲ್ಲಿದ್ದೆ. ಮಂಗಳವಾರದ ತನಕ ತಡ್ಕಳ್ಳಾಕಾಗ್ಲಿಲ್ಲ ಇವ್ರಿಗೆ! ಏರಿ ಮೇಲೆ ಹಾದು ಸಂಜೆಗೆ ಬಂದ್ಬಿಟ್ರು. ಗಾಡಿ ತೋಪಲ್ಲಿ ಬಚ್ಚಿಟ್ಟು, ನಡ್ಕಂಡು ಬಂದೆ ಅಂತ ನಮ್ಮಪ್ಪಂಗೆ ಸುಳ್ಳು ಬೇರೆ. ನಸುಕಿಗೇ ವಾಪಸ್ ಹೋಗಿ, ಪರಊರಿಗೆ ಹೋಗಿದ್ದ ಇವ್ರಪ್ಪ ಬಂದು ಕೆಸರು ನೋಡ್ಯಾರು ಅಂತ ಗಾಡಿ ತೊಳೆದವ್ರೆ."

"ಮತ್ತೆ ಪೊಲೀಸ್ನೋರಿಗೆ ಯಾಕೆ ಹೇಳ್ಲಿಲ್ಲ ಮಾರಾಯ್ರೇ?" ಎಂದ ಬಸವರಾಜಪ್ಪ.

"ನಮ್ಮಪ್ಪ ಪಕ್ಕದಲ್ಲೇ ನಿಂತಿದ್ದ," ಎಂದ ತೀರ್ಥಪ್ಪ. "ಕೊಲೆ ಮಾಡ್ದೆ ಅಂದ್ರೆ ನಂಬ್ತಿರ್ಲಿಲ್ಲ. ಸೋಮವಾರ ಹೂಡ್ದೆ ಅಂದಿದ್ರೆ ಚರ್ಮ ಸುಲೀತಿದ್ದ. ಆಮೇಲೆ ಹೇಳೋಕೆ ನಂಗೇ ನಾಚ್ಕೆ."

"ಗಂಡನ್ನ ಉಳ್ಸಾಕೆ ಹೆಂಡ್ತಿ ಏನ್ ಬೇಕಾದ್ರೂ ಹೇಳ್ಬೋದಲ್ಲ?" ಬಸವರಾಜಪ್ಪ ಇನ್ನೂ ಬಿಡಲಿಲ್ಲ.

"ಹೇಳೋದಾದ್ರೆ ಮರ್ಯಾದೆ ಉಳಿಯೋ ಸುಳ್ಳು ಹೇಳ್ತಿರ್ಲಿಲ್ವಾ? ಊರೆಲ್ಲ ನಗೋ ಇಂಥದ್ನ ಹೇಳ್ತೀನಾ?" ಎಂದಳು ಮಲ್ಲಿಕಾಂಬ.

ಬಸವರಾಜಪ್ಪ ಒಂದೊಂದಾಗಿ ಮೂರು ಈರುಳ್ಳಿಯನ್ನೂ ಗುಡ್ಡೆಗೆ ಎಸೆದ.

"ಮದ್ವೆ ದಿನ ಗೊತ್ತು ಮಾಡಿ. ಆದ್ರೆ ಬೀಗರೇ, ಎತ್ತಿಗೆ ಒಂದು ಸೋಮವಾರದ ಬಾಕಿ ಇಟ್ಕಂಡಿದ್ದೀರಲ್ಲ?"

"ಆ ಎತ್ತು ಹೋಗಿ ಎಷ್ಟು ಕಾಲ ಆಯ್ತು!"

"ಈಗಿನ ಎತ್ತು ಇದಾವಲ್ಲ, ಇವಕ್ಕೆ ತೀರ್ಸಿ."

ಚೀಲ ತುಂಬಿ ನಿಂತಿದ್ದ ಗಾಡಿಯಿಂದ ಎತ್ತುಗಳನ್ನು ಬಿಚ್ಚಿದರು. ನೊಗದ ಒಂದು ಕಡೆ ತೀರ್ಥಪ್ಪ, ಇನ್ನೊಂದು ಕಡೆ ಬಸವರಾಜಪ್ಪ ಕೈಕೊಟ್ಟರು. ಹಿಂದಿನಿಂದ ಹೆಂಗಸರು ಕೇಕೆ ಹಾಕುತ್ತ ನೂಕಿದರು.

"ಅಪ್ಪಾ, ಜೋರಾಗಿ ಎಳಿ, ಅವ್ವ ತವರಲ್ಲವ್ಳೆ ಅಂದ್ಕೋ!" ಪ್ರೇಮ ಕೂಗಿದಳು.

ಮನೆ ಮುಟ್ಟುವ ಹೊತ್ತಿಗೆ ಇಬ್ಬರು ಬೀಗರೂ ಬೆವರಿ ತೊಯ್ದಿದ್ದರು. ಎತ್ತುಗಳು ಬದುವಿನ ಹುಲ್ಲು ಮೇಯುತ್ತ, ನಿಧಾನವಾಗಿ, ಬರಿಗತ್ತಿನಲ್ಲಿ ಹಿಂದೆ ಬಂದವು.