ಕೆಂಪು ಸೀಸಕ್ಕೆ ಬೆಲ್ಲದ ಮದ್ದು

ಗೌರಾಬಾಯಿ ಆಕ್ಸೈಡ್ಸ್ ಕಾರ್ಖಾನೆಯಲ್ಲಿ ಸೀಸದ ವಿಷಕ್ಕೆ ಮದ್ದು ಬೆಲ್ಲ. ದಿನಾ ಸಂಜೆ ನಾಲ್ಕಕ್ಕೆ ಮಾಲೀಕರಾದ ಶಿವಪ್ರಕಾಶ ಕಾಕಾ ತಾವೇ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗಿನಿಂದ ಬಂದವರು ಸಾಲಾಗಿ ಕೈ ಚಾಚಬೇಕು. ಆ ಕೈಗಳು ಮೊಣಕೈವರೆಗೆ ಕಿತ್ತಳೆ ಬಣ್ಣ. ಬೆಲ್ಲದ ತುಂಡು ಅಂಗೈಗೆ ಬಿದ್ದ ಕೂಡಲೇ ಅದಕ್ಕೂ ಅದೇ ಬಣ್ಣ. ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ, ಮತ್ತೆ ಒಳಗೆ ಹೋಗುತ್ತಿದ್ದರು. ಧೂಳು ಎದೆಯಲ್ಲಿ ನಿಲ್ಲದೆ ಬೆಲ್ಲದ ಜೊತೆ ಜಾರಿ ಹೋಗುತ್ತದೆ ಎಂಬುದು ಕಾಕಾ ಅವರ ವಿಜ್ಞಾನ. ಜಾರಿ ಹೋಗುತ್ತಿದ್ದದ್ದು ನಿಜ, ಹೊಟ್ಟೆಯೊಳಕ್ಕೆ.

ಇದು ಇದೇ ವರ್ಷದ, 1998ರ ಮಾತು. ಮರಾಠಿ ಸೀಮೆಯ ಭೋಸರಿಯ ಆ ಶೆಡ್ಡಿನಲ್ಲಿ ಸೀಸದ ಗಟ್ಟಿ ಕರಗಿಸಿ, ಪುಡಿ ಮಾಡಿ, ಭಟ್ಟಿಯಲ್ಲಿ ಹುರಿದು ಕೆಂಪು ಸೀಸ ತಯಾರಿಸುತ್ತಿದ್ದರು. ಬ್ಯಾಟರಿಯವರು ಒಯ್ಯುತ್ತಿದ್ದರು, ಕಬ್ಬಿಣಕ್ಕೆ ಬಳಿಯುವ ಬಣ್ಣದವರೂ ಒಯ್ಯುತ್ತಿದ್ದರು. ನಾನು ಅಲ್ಲಿ ಕೆಮಿಸ್ಟ್. ಹಾಗೆಂದರೆ ಒಂದು ಮೇಜು, ಒಂದು ತಕ್ಕಡಿ, ಆರು ಗಾಜಿನ ಫ್ಲಾಸ್ಕು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಕಾಕಾ ಕೆಲಸಕ್ಕೆ ಕರೆದದ್ದು ಅಪ್ಪನ ಮೇಲಿನ ಪ್ರೀತಿಯಿಂದ. ಅಪ್ಪ ಸಿದ್ದಲಿಂಗಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ. ಕಾರ್ಖಾನೆಗೆ ಬೆಲ್ಲ ಬರುತ್ತಿದ್ದದ್ದೂ ಅಲ್ಲಿಂದಲೇ.

ನನಗೆ ಮಾತು ಬೇಗ ಬರುವುದಿಲ್ಲ. ಹೇಳಬೇಕಾದದ್ದು ಬಸ್ ಹತ್ತಿದ ಮೇಲೆ ಹೊಳೆಯುತ್ತದೆ, ಮನೆಗೆ ಬಂದು ಡೈರಿಯಲ್ಲಿ ಬರೆಯುತ್ತೇನೆ. ಅದಕ್ಕೇ ಕಾಕಾಗೆ ನಾನು ಬಹಳ ಸಭ್ಯ ಹುಡುಗಿ.

ಜರಡಿ ಹಿಡಿಯಲು, ನೆಲ ಗುಡಿಸಲು ಐವರು ಹೆಂಗಸರಿದ್ದರು, ಎಲ್ಲರೂ ಯಾದಗಿರಿ ಕಡೆಯವರು. ಸೀಸದ ಇಂಥ ಕೆಲಸಕ್ಕೆ ಹೆಂಗಸರನ್ನು ಹಚ್ಚುವಂತಿಲ್ಲ ಎಂದು ಕಾಯಿದೆ ಇದೆಯಂತೆ. ಆದ್ದರಿಂದ ಹಾಜರಿ ಪುಸ್ತಕದಲ್ಲಿ ಅವರು ಮಾಲಿಗಳು. ತೋಟ ಎಂದರೆ ಎಣ್ಣೆ ಡಬ್ಬಿಯಲ್ಲಿದ್ದ ಒಂದು ತುಳಸಿ. ಅದರ ಎಲೆಯ ಮೇಲೂ ಕಿತ್ತಳೆ ಪುಡಿ.

ಆ ಐವರಲ್ಲಿ ಚಂದಮ್ಮ ಒಬ್ಬಳು, ಭಟ್ಟಿಯ ಅಂಬಣ್ಣನ ಹೆಂಡತಿ. ಒಂದು ಶನಿವಾರ ನಲ್ಲಿಯ ಹತ್ತಿರ ನನ್ನ ಪಕ್ಕಕ್ಕೆ ಬಂದು ನಿಂತಳು.

"ಅಕ್ಕಾರ, ಯಾರ ಮುಂದೂ ಅನಬ್ಯಾಡ್ರಿ. ಈ ಸಲ ನಿಂತದ್ರಿ. ಮೂರು ತಿಂಗಳಾತು."

"ಹೌದಾ?"

"ಇಲ್ಲಿಗಿ ಬಂದ ಮ್ಯಾಲ ಎರಡು ಹ್ವಾದುವ್ರಿ. ನಮ್ಮತ್ತಿ ನನ್ನ ಹೊಟ್ಟಿನೇ ತೂತು ಅಂತಾಳ. ಈ ಸಲ ಮಾರುತಿಗಿ ಬೇಡ್ಕೊಂಡೀನಿ."

ಗೇಟಿನ ಬಳಿ ಮಾರುತಿಯ ಕಲ್ಲು ಇತ್ತು. ಪ್ರತಿ ಶನಿವಾರ ಕಾಕಾ ಒಂದು ಬಟ್ಟಲು ಹೊಸ ಮಾಲು ಕೊಡುತ್ತಿದ್ದರು. ಅಂಬಣ್ಣ ಅದನ್ನು ಎಣ್ಣೆಯಲ್ಲಿ ಕಲಸಿ ದೇವರಿಗೆ ಬಳಿಯುತ್ತಿದ್ದ. ಸಿಂಧೂರವೆಂದು ಹಳೆಯ ಕಾಲದಿಂದ ಮಾರುತಿಗೆ ಹಚ್ಚುತ್ತ ಬಂದದ್ದು ಈ ಕೆಂಪು ಸೀಸವನ್ನೇ. ನಮ್ಮ ಮಾಲು ದೇವರ ಮೈ ಹತ್ತುತ್ತದೆ ಎಂದು ಕಾಕಾ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಅವತ್ತು ಚಂದಮ್ಮ ಮಾರುತಿಯ ಪಾದದಿಂದ ಒಂದು ಬೆರಳಷ್ಟು ಸಿಂಧೂರ ತೆಗೆದು ಹಣೆಗೆ ಹಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ ಹೊಕ್ಕುಳ ಕೆಳಗೆ ಹಚ್ಚಿದಳು. ಅದೇ ಬೆರಳಿನಿಂದ ತಂಬಾಕು ತಿಕ್ಕಿ ಬಾಯಿಗಿಟ್ಟುಕೊಂಡಳು.

ಬ್ಯಾಟರಿ ಕಂಪನಿಯವರು ಕಳಿಸಿದ ಇಂಗ್ಲಿಷ್ ಸುರಕ್ಷತಾ ಹಾಳೆ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಸೀಸ ಬಸುರಿಯ ರಕ್ತದಿಂದ ನೇರ ಕೂಸಿಗೆ ಹೋಗುತ್ತದೆ, ಗರ್ಭ ಇಳಿಯುತ್ತದೆ ಎಂದು ಅದರಲ್ಲಿತ್ತು. ನಾನು ಅದನ್ನು ಎರಡು ಸಲ ಓದಿದ್ದೆ. ಮೂರು ವರ್ಷ ರಸಾಯನಶಾಸ್ತ್ರ ಓದಿದವಳು ಚಂದಮ್ಮನಿಗೆ ಹೇಳಿದ್ದೇನು? "ಛಲೋ ಆತು." ಅಷ್ಟೆ. ಉಳಿದದ್ದನ್ನು ಡೈರಿಗೆ ಹೇಳಿದೆ. ಡೈರಿಗೆ ಬಸಿರಿರಲಿಲ್ಲ.

ಮರುವಾರ ಕಾಕಾ ಕರೆದರು.

"ಏ ರೇಣು, ಇನ್ಸ್‌ಪೆಕ್ಟರ್ ಬರಾಂವ ಇದ್ದಾನ. ಕಾಮಗಾರರ ಭಾಷಾದಾಗ ಸುರಕ್ಷತಾ ಬೋರ್ಡ್ ಬೇಕಂತ. ನಿನಗ ಕನ್ನಡ ಬರಿಲಿಕ್ಕೆ ಬರ್ತದಲ್ಲ?"

"ಬರ್ತದ್ರಿ ಕಾಕಾ. ಅವ್ವ ಕಲಿಸ್ಯಾಳ."

"ನನಗ ಒಂದು ಅಕ್ಷರಾ ಬರೂದಿಲ್ಲ ನೋಡು. ಮಾತು ಕನ್ನಡ, ಸಾಲಿ ಮರಾಠಿ. ತಗೋ, ಬರಕೋ. ಕೆಲಸಾ ಮಾಡುಮುಂದ ಮಾರಿಗೆ ಅರಿವಿ ಕಟ್ಕೋರಿ. ದಿನಾ ಬೆಲ್ಲಾ ತಿನ್ರಿ. ಆಮ್ಯಾಲ..." ಅವರು ಫ್ಯಾನ್ ನೋಡಿದರು. "ಆಮ್ಯಾಲ, ಶಿಸ್ತಿನಿಂದ ಇರ್ರಿ. ಸಾಕು. ಅಕ್ಷರ ದೊಡ್ಡು ಇರಲಿ, ಬೋರ್ಡ್ ಖಾಲಿ ಕಾಣಬಾರದು."

ಖಾಲಿ ಕಾಣಲಿಲ್ಲ. ಮನೆಯಲ್ಲಿ ಕುಳಿತು ಆ ಇಂಗ್ಲಿಷ್ ಹಾಳೆಯಲ್ಲಿದ್ದದ್ದನ್ನೆಲ್ಲ ಸಣ್ಣ ಸಣ್ಣ ವಾಕ್ಯ ಮಾಡಿ ಬರೆದೆ. ಪೇಂಟರ್ ಮರಾಠಿಯವನು, ಅಕ್ಷರಗಳನ್ನು ರಂಗೋಲಿ ನೋಡಿ ಬಿಡಿಸಿದಂತೆ ಬಿಡಿಸಿದ. ಕಾಕಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಇಷ್ಟು ಚೆಂದದ ಬೋರ್ಡ್ ಇಡೀ ಭೋಸರಿಯಲ್ಲಿ ಇಲ್ಲ ಎಂದರು, ಹಾರ ಹಾಕಿಸಿದರು. ಆ ಧೈರ್ಯಕ್ಕೆ ನನ್ನನ್ನು ಯಾರೂ ಹೊಗಳಬೇಕಿಲ್ಲ. ಓದಲು ಬಾರದವನ ಎದುರು ಬರೆಯಲು ಧೈರ್ಯ ಬೇಕಾಗುವುದಿಲ್ಲ.

ಇನ್ಸ್‌ಪೆಕ್ಟರ್ ಬಂದ ದಿನ ಐವರು ಮಾಲಿಗಳು ಒಂದು ತುಳಸಿಯ ಸುತ್ತ ಒಂದು ಚೊಂಬು ಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರರು ತೋಟವನ್ನು ನೋಡಿದರು, ಏನೂ ಕೇಳಲಿಲ್ಲ. ಬೋರ್ಡಿನ ಫೋಟೋ ತೆಗೆದು "ಅಕ್ಷರ ಛಾನ್ ಆಹೇ" ಎಂದು ಅಕ್ಷರದ ಚೆಂದವನ್ನು ಹೊಗಳಿದರು. ಕಾಕಾ ಬೆಲ್ಲದ ತಟ್ಟೆ ಮುಂದೆ ಹಿಡಿದಾಗ ಮಾತ್ರ ಬೇಡವೆಂದರು. ತಮ್ಮ ಚೀಲದಿಂದ ಸೋಪು ತೆಗೆದು ನಲ್ಲಿಯಲ್ಲಿ ಎರಡು ಸಲ ಕೈ ತೊಳೆದು, ಸೋಪನ್ನು ಮತ್ತೆ ಚೀಲದಲ್ಲಿಟ್ಟುಕೊಂಡು ಹೊರಟುಹೋದರು. ಗೊತ್ತಿದ್ದೂ ಸುಮ್ಮನಿರುವವಳು ನಾನೊಬ್ಬಳೇ ಅಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನಾಲ್ಕಕ್ಕೆ ಬೆಲ್ಲ. ಕಾಕಾ ಇನ್ಸ್‌ಪೆಕ್ಟರರನ್ನು ಕಳಿಸಲು ಹೋಗಿದ್ದರಿಂದ ತಟ್ಟೆ ನನ್ನ ಕೈಗೆ ಬಂದಿತ್ತು. ಎಲ್ಲರೂ ತುಂಡು ತೆಗೆದುಕೊಂಡು ಬೋರ್ಡಿನ ಮುಂದೆ ನಿಂತರು. ಅಂಬಣ್ಣ ಊರಲ್ಲಿ ನಾಲ್ಕನೇ ಇಯತ್ತೆ ಓದಿದವನು. ಬೆರಳಿಟ್ಟು ಕೂಡಿಸಿ ಕೂಡಿಸಿ ಓದತೊಡಗಿದ.

"ಈ ಕೆಂ-ಪು ಪುಡಿ ವಿ-ಷ. ಕೈ ತೊಳೆ-ಯದೆ ಏನನ್ನೂ ತಿನ್ನ-ಬೇಡಿ. ಬೆಲ್ಲ-ವನ್ನೂ."

ಎಲ್ಲರ ದವಡೆಗಳು ನಿಂತವು.

"ಲೇ ಅಂಬ್ಯಾ, ಬರೋಬ್ಬರಿ ಓದು," ಎಂದ ಮಲಕಪ್ಪ, ಭಟ್ಟಿಯ ಹಿರಿಯ ಮನುಷ್ಯ.

"ಹಂಗೇ ಅದ ಯಣ್ಣ. ಬೆಲ್ಲ, ಹಾಲು ಇದಕ್ಕೆ ಮದ್ದಲ್ಲ. ಅರಿವಿ ಕಟ್ಟಿದ್ರ ಧೂಳು ನಿಲ್ಲೂದಿಲ್ಲಂತ. ಒಣಾ ಕಸಬರಿಗಿಲಿಂದ ಉಡಗಬಾರದಂತ, ಹಸಿ ಮಾಡಿ ಒರಸ್ಬೇಕಂತ. ಕೆಲಸದ ಅರಿವಿ ಮನಿಗಿ ಒಯ್ಯಬಾರದಂತ. ಹೊಟ್ಟಿ ನುಲಿಯೂದು, ಮುಂಗೈ ಸೋಲೂದು ಇದರಿಂದನೇ ಅಂತ, ರಕ್ತ ತೋರಸ್ಬೇಕಂತ."

ಮಲಕಪ್ಪ ತನ್ನ ಬಲಗೈ ನೋಡಿಕೊಂಡ. ಆ ಕೈಗೆ ಆರು ತಿಂಗಳಿಂದ ಚಹಾದ ಲೋಟ ಎತ್ತಲು ಆಗುತ್ತಿರಲಿಲ್ಲ. ಎಡಗೈಯ ಆಸರೆ ಕೊಡುತ್ತಿದ್ದ.

ಅಂಬಣ್ಣ ಕೊನೆಯ ಸಾಲಿಗೆ ಬಂದ. "ಬಸು-ರಿಯರು ಈ ಶೆಡ್ಡಿಗೆ..." ಅಲ್ಲಿಗೆ ನಿಲ್ಲಿಸಿದ. ಮನಸ್ಸಿನಲ್ಲೇ ಓದಿದ. ಆಮೇಲೆ ಸಣ್ಣ ದನಿಯಲ್ಲಿ, "ಕಾಲಿಡಬಾರದು. ಗರ್ಭ ಇಳಿಯುತ್ತದೆ," ಎಂದ.

"ಎಲ್ಲಾ ಖೊಟ್ಟಿ," ಎಂದ ಮಲಕಪ್ಪ. "ಮಾರುತಿಗಿ ಹಚ್ಚೂದು ವಿಷ ಹ್ಯಾಂಗ ಆಗ್ತದ? ವಾರಾ ವಾರಾ ಹಚ್ಕೊಂಡು ಕುಂತಾನ ಅವ. ಏನಾಗ್ಯದ ಅವಗ?"

"ಅವಗೇನಾಗ್ತದೋ ಯಣ್ಣ," ಎಂದಳು ಚಂದಮ್ಮ. "ಅವ ಬ್ರಹ್ಮಚಾರಿ. ಅವಗ ಹಡಿಯೂದದ ಏನು?"

ಹೆಂಗಸರಲ್ಲಿ ಒಬ್ಬಳು ನಕ್ಕಳು. ಚಂದಮ್ಮ ನನ್ನ ಕಡೆ ತಿರುಗಿದಳು.

"ಅಕ್ಕಾರ, ಇದು ನೀವು ಬರ್ದದ್ದೇನ್ರಿ?"

"ಹೌದು."

"ಅವತ್ತು ನಲ್ಲಿ ತಾವ ನಾ ಹೇಳ್ದಾಗ ನಿಮಗ ಇದು ಗೊತ್ತಿತ್ತಾ?"

"ಗೊತ್ತಿತ್ತು."

"ನನಗ ಓದಾಕ ಬರೂದಿಲ್ಲರಿ. ಗೊತ್ತಿತ್ತಲ್ಲ ಅದೂ."

ಅವಳು ಬೆಲ್ಲದ ತುಂಡನ್ನು ನನ್ನ ಕೈಯ ತಟ್ಟೆಗೆ ಹಾಕಿ ನಲ್ಲಿಯತ್ತ ಹೋದಳು. ಒಬ್ಬೊಬ್ಬರಾಗಿ ಉಳಿದವರೂ ಹಾಕಿದರು. ಮಲಕಪ್ಪ ಮಾತ್ರ ತಿಂದ.

ಸೋಮವಾರ ಐವರು ಮಾಲಿಗಳೂ ಬರಲಿಲ್ಲ. ಜರಡಿ ನಿಂತಿತು. ಕಾರಣ ಕೇಳಿದ ಕಾಕಾಗೆ ಮಲಕಪ್ಪ ಬೋರ್ಡ್ ತೋರಿಸಿದ. ನನ್ನನ್ನು ಕರೆಸಿದರು.

"ಓದು."

ಓದಿದೆ. ಮೊದಲ ಸಾಲನ್ನು ನನಗಷ್ಟೇ ಕೇಳುವಷ್ಟು ಮೆಲ್ಲಗೆ ಓದಿದೆ. ಆಮೇಲೆ ಇವು ನಲ್ಲಿಯ ಬಳಿ ಹೇಳದ ಮಾತುಗಳೇ ಎಂದು ನೆನಪಾಗಿ, ದನಿ ತಾನೇ ಏರಿತು. ಭಟ್ಟಿಯವರೆಲ್ಲ ಬಾಗಿಲಿಗೆ ಬಂದು ಕೇಳಿದರು, ಓದಲು ಬಾರದವರೂ ಕೇಳಿದರು. ಕೊನೆಯ ಸಾಲನ್ನು ಕೇಳದೆಯೂ ಎರಡನೇ ಸಲ ಓದಿದೆ.

"ಬೆಲ್ಲದ ಬಗ್ಗೆ ಸುದ್ಧಾ ಬರದಿ," ಎಂದರು ಕಾಕಾ. ಅವರಿಗೆ ನೋವಾದದ್ದು ಅದೊಂದಕ್ಕೇ. "ನಿಮ್ಮಪ್ಪನ ಅಂಗಡಿ ಬೆಲ್ಲಾ ಅದು. ಸಭ್ಯ ಅಂತ ತಿಳಿದಿದ್ದೆ ನಿನ್ನ."

ಮಧ್ಯಾಹ್ನದೊಳಗೆ ಪೇಂಟರ್ ಬಂದು ಬೋರ್ಡಿನ ಮೇಲೆ ನಮ್ಮದೇ ಮಾಲಿನಿಂದ ಆದ ಕೆಂಪು ಬಣ್ಣ ಬಳಿದ. ಕೆಲಸ ಬಿಟ್ಟು ಮನೆಗೆ ಬಂದೆ.

ಅಪ್ಪನಿಗೆ ಎಲ್ಲ ಹೇಳಿದೆ. ಗಿರಾಕಿ ಕೈತಪ್ಪಿತು ಎಂದು ಬೈಯುತ್ತಾರೆಂದುಕೊಂಡೆ. "ಆ ಹೆಣ್ಣುಮಗಳಿಗೆ ಈಗ ಕೆಲಸ ಅದ ಏನು?" ಎಂದು ಕೇಳಿದರು.

ಈಗ ಚಂದಮ್ಮ ಅಪ್ಪ ಗುಮಾಸ್ತರಾಗಿರುವ ಅಂಗಡಿಯಲ್ಲಿ ಬೆಲ್ಲದ ಪೆಂಟೆಗೆ ಗೋಣಿಪಟ್ಟಿ ಸುತ್ತುತ್ತಾಳೆ. ಏಳನೇ ತಿಂಗಳು. ಮೂಳೆಯಲ್ಲಿ ಕೂತ ಸೀಸ ಕೆಲಸ ಬಿಟ್ಟ ಮಾತ್ರಕ್ಕೆ ಇಳಿಯುವುದಿಲ್ಲ. ಇದನ್ನು ಈ ಸಲ ಡೈರಿಗಲ್ಲ, ಅವಳಿಗೇ ಹೇಳಿದೆ, ಸಸೂನ್ ಆಸ್ಪತ್ರೆಗೆ ಜೊತೆಗೆ ಹೋದೆ. ಅಂಬಣ್ಣ ಇನ್ನೂ ಭಟ್ಟಿಯಲ್ಲೇ ಇದ್ದಾನೆ, ನಲ್ಲಿಯ ಕೆಳಗೆ ಮಿಂದು, ಅರಿವೆ ಬದಲಿಸಿ ಮನೆಗೆ ಬರುತ್ತಾನಂತೆ. ಕಾಕಾ ನಗುತ್ತಾರಂತೆ. ಹೊಸ ಮಾಲಿಗಳು ಸಿಕ್ಕಿದ್ದಾರೆ.

ಮೊನ್ನೆ ಅಂಗಡಿಗೆ ಹೋಗಿದ್ದೆ. ಪೆಂಟೆಯೊಂದು ಒಡೆದಿತ್ತು. ಬಸ್ಸಿನ ಕಂಬಿ ಹಿಡಿದು ಬಂದಿದ್ದ ಕೈಯನ್ನೇ ಚಾಚಿದೆ. ಚಂದಮ್ಮ ತುಂಡನ್ನು ಹಿಂದಕ್ಕೆಳೆದುಕೊಂಡಳು.

"ಮದಲ ಕೈ ತೊಳಕೊಂಡು ಬರ್ರಿ," ಎಂದಳು.